ಮರಳಿ ಬಾರದ ಹನ್ನೊಂದು ಅಂಗಿಗಳು

ಒಣದ್ರಾಕ್ಷಿ ಶೆಡ್ಡಿನ ಎರಡು ಕಂಬಗಳಿಗೆ ಹಗ್ಗ ಕಟ್ಟಿ ಇಂದುಮತಿ ನಾಲ್ಕು ನಮೂನೆಯ ಉಡುಪು ನೇತುಹಾಕಿದಾಗ ಹುಣಸಿಕಟ್ಟಿಯ ಹೆಂಗಸರು ಮೊದಲು ಮಾಡಿದ ಕೆಲಸವೆಂದರೆ ನಗುವುದು. ನಗಬೇಕಾದ್ದೇ ಬಿಡಿ. ಒಂದು, ನೆತ್ತಿಯಿಂದ ಹಿಮ್ಮಡಿವರೆಗೆ ಒಂದೇ ಹೊಲಿಗೆಯ ಬಿಳಿ ಚೀಲ. ಇನ್ನೊಂದಕ್ಕೆ ಮುಖದ ಮುಂದೆ ಗಾಜಿನ ಕಿಟಕಿ. ಮೂರನೆಯದು ಮೊಣಕಾಲಿಗೆ ಬಡಿಯುವ ರಬ್ಬರಿನ ನಿಲುವಂಗಿ. ನಾಲ್ಕನೆಯದನ್ನು ತೊಡಬೇಕಾದರೆ ಮೊದಲು ಸೀರೆ ಬಿಚ್ಚಿಡಬೇಕಿತ್ತು. ಇವನ್ನೆಲ್ಲ ಹೊಲಿಸಿದ್ದು ಸುರಕ್ಷಾ ವಸ್ತ್ರ ಸಂಶೋಧನಾ ಕೇಂದ್ರದ ತಣ್ಣನೆಯ ಕೋಣೆಯಲ್ಲಿ ಕೂತ ಜನ. ವಿಜಯಪುರದ ಬಿಸಿಲಿನಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ, ದಿನವಿಡೀ ಕತ್ತೆತ್ತಿ ನಿಂತು ದುಡಿಯುವ ಹೆಂಗಸನ್ನು ಅವರಲ್ಲಿ ಯಾರೂ ಹತ್ತಿರದಿಂದ ಕಂಡಿರಲಿಲ್ಲ. ಆ ಜನರ ಮುಂದಾಳು ಇಂದುಮತಿಯೇ.

“ಇದನ್ನ ಹಾಕ್ಕೊಂಡು ಒಂದಕ್ಕ ಕುಂದ್ರೂದು ಹ್ಯಾಂಗ್ರಿ ಬಾಯಾರ?” ಎಂದು ಕೇಳಿದವಳು ದುಂಡವ್ವ. ಐವತ್ತು ದಾಟಿದ ಹೆಂಗಸು, ಕೂಲಿ ಗುಂಪಿನ ಹಿರಿಯಳು. ಒಂದೊಂದೇ ಗೊನೆಯನ್ನು ಮಗ್ಗಿನ ಔಷಧದಲ್ಲಿ ಅದ್ದಿ ಬಿಡುವ ಕೆಲಸವನ್ನು ಮೂವತ್ತು ವರ್ಷದಿಂದ ಮಾಡಿಕೊಂಡು ಬಂದವಳು. ಶೆಡ್ಡು ಮತ್ತೊಮ್ಮೆ ನಕ್ಕಿತು.

“ಹಂಗಾದ್ರ ನಿಮಗ ಎಂಥಾದ ಬೇಕು, ನೀವ ಹೇಳ್ರಿ.”

ದುಂಡವ್ವ ತನ್ನ ಎದೆ ಮುಟ್ಟಿ ತೋರಿಸಿದಳು. ಸೀರೆಯ ಮೇಲೆ ಅವಳು ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿದ್ದಳು. ಅಲ್ಲಿದ್ದ ಎಲ್ಲ ಹೆಂಗಸರೂ ಹಾಗೆಯೇ ಹಾಕಿದ್ದರು. ಆ ಸೀಮೆಯಲ್ಲಿ ಹೊಲಕ್ಕೆ ಹೋಗುವ ಹೆಣ್ಣಿನ ಉಡುಗೆಯೇ ಅದು. ಬಿಸಿಲಿಗೂ ಅದೇ, ಎಲೆಯ ತುರಿಕೆಗೂ ಅದೇ, ಔಷಧದ ಸಿಡಿತಕ್ಕೂ ಅದೇ.

“ಇಂಥಾದ ಬೇಕ್ರಿ. ಗಂಡಸರ ಅಂಗಿ. ಸೀರಿ ಮ್ಯಾಲ ಹಾಕ್ಕೊಂಡು ಎರಡು ಗುಂಡಿ ಹಚ್ಚಿದ್ರ ಮುಗೀತು.”

ಇಂದುಮತಿ ಹಣೆ ಚಚ್ಚಿಕೊಂಡಳು. ಎರಡು ವರ್ಷ ಒದ್ದಾಡಿ ಬಟ್ಟೆ ಕಂಡುಹಿಡಿದಿದ್ದರು, ಅದನ್ನು ಹೇಗೆ ಹೊಲಿಯಬೇಕೆಂದು ತೊಡುವವರನ್ನು ಒಬ್ಬರೂ ಕೇಳಿರಲಿಲ್ಲ!

ಬಟ್ಟೆಯೇನೋ ಅದ್ಭುತವೇ. ಅದರ ನೂಲಿನ ಮೈಯಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಪಂಜರಗಳು. ಕೀಟನಾಶಕದ ಕಣ ಬಂದು ಕೂತರೆ ಪಂಜರದ ಬಾಗಿಲು ಮುಚ್ಚಿಕೊಳ್ಳುತ್ತದೆ. ಬೆವರಿಗೆ ತೆರೆಯದು, ನೀರಿಗೆ ತೆರೆಯದು, ಸೋಡಾ ಹಾಕಿ ಕಲ್ಲಿಗೆ ಒಗೆದರೂ ತೆರೆಯದು. ನೂರು ದಿನಕ್ಕೆ ಪಂಜರಗಳೆಲ್ಲ ತುಂಬಿ ಕಾಲರಿನ ಬಿಳಿ ನೂಲು ನೀಲಿಯಾಗುತ್ತದೆ. ಆಗ ಅಂಗಿಯನ್ನು ಹಿಂದಕ್ಕೆ ಕೊಡಬೇಕು, ಕೇಂದ್ರದ ಭಟ್ಟಿಯಲ್ಲಿ ಅದನ್ನು ಸುಡಬೇಕು. ಬೆನ್ನಿನ ಪಟ್ಟಿಯಲ್ಲಿ ಕೂದಲೆಳೆಯಷ್ಟು ಸಣ್ಣ ಇನ್ನೊಂದು ನೂಲು ಇತ್ತು. ಅದು ತೊಟ್ಟವರ ನಾಡಿ ಎಣಿಸಿ, ಪಂಚಾಯ್ತಿ ಮಾಳಿಗೆಯ ಮೇಲಿನ ಪೆಟ್ಟಿಗೆಯ ಮೂಲಕ ಕೇಂದ್ರಕ್ಕೆ ಕಳಿಸುತ್ತಿತ್ತು. ಈ ಔಷಧಗಳು ಮೈಗೇರಿದರೆ ನಾಡಿ ಇಳಿಯುತ್ತದೆ. ಐವತ್ತರ ಕೆಳಗೆ ಹೋದರೆ ಕೇಂದ್ರದ ನಿಗಾ ಕೋಣೆಯಲ್ಲಿ ಗಂಟೆ ಬಾರಿಸಬೇಕು. ತುಂಬಿದಷ್ಟೂ ಬಟ್ಟೆ ಮೆತ್ತಗಾಗುತ್ತಿತ್ತು, ಅದೊಂದು ವಿಚಿತ್ರ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ತುರ್ತೂ ಯಾರಿಗೂ ಇರಲಿಲ್ಲ.

ಇನ್ನೊಂದು ಸಂಗತಿ ಹೇಳಿಬಿಡಬೇಕು. ಮೊದಲ ಪರೀಕ್ಷೆ ಬೇರೊಂದು ಊರಿನಲ್ಲಿ ನಡೆದಾಗ ಮೈಮೇಲೆ ಹೊದೆಯಲು ಹಂಚಿದ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಒಂದು ಸಾಲು ಇತ್ತು: “ಈ ಬಟ್ಟೆಯೊಳಗೆ ವಿಷ ಸೇರಿರುತ್ತದೆ.” ಓದಿಸಿಕೊಂಡ ಹೆಂಗಸರು ಅದನ್ನು ಬೇಲಿಗೆ ಸಿಕ್ಕಿಸಿ ಹಳೆಯ ಅಂಗಿಯಲ್ಲೇ ತೋಟಕ್ಕೆ ಇಳಿದರು. “ವಿಷಾ ಮೈಮ್ಯಾಲ ಹೊತಗೊಂಡು ಮನೀಗೆ ಹೋಗೂದ್ಹ್ಯಾಂಗ್ರಿ, ಮನ್ಯಾಗ ಕೂಸು ಕುನ್ನಿ ಅದಾವ” ಎಂದರು. ಆ ಹಂಗಾಮಿನಲ್ಲಿ ಅದೇ ಊರಿನ ಇಬ್ಬರು ಚಪ್ಪರದ ಕೆಳಗೆ ಬಿದ್ದು ಸತ್ತರು. ಇಂದುಮತಿ ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ತಾನೇ ಕೂತು ಆ ಸಾಲನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ ಬರೆದದ್ದು: “ಕಾಲರು ನೀಲಿಯಾದರೆ ಅಂಗಿಯ ಕೆಲಸ ಮುಗಿಯಿತು. ಹೊಸದನ್ನು ಪಡೆಯಿರಿ.” ಹೆದರಿಸಿ ಸಾಯಿಸುವುದಕ್ಕಿಂತ ಹೆದರಿಸದೆ ಉಳಿಸುವುದು ಮೇಲು ಎಂದುಕೊಂಡಳು. ಆಗ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಮೂರು ತಿಂಗಳಲ್ಲಿ ನಲವತ್ತು ಅಂಗಿಗಳು ಹೊಲಿದು ಬಂದವು. ಅದೇ ಶೆಡ್ಡಿನಲ್ಲಿ ನಿಂತು ಇಂದುಮತಿ ಹೇಳಿದಳು, “ಈ ಅಂಗಿ ನಿಮ್ಮ ಮೈಗೆ ವಿಷಾ ಹತ್ತಗೊಡಂಗಿಲ್ಲ. ಹಡದವ್ವನಂಗ ಕಾಯ್ತೈತಿ.” ದುಂಡವ್ವ ಹದಿನೇಳನೆಯ ಅಂಗಿ ತೊಟ್ಟು, ಎರಡು ಗುಂಡಿ ಹಚ್ಚಿ, ಒಂದು ಸುತ್ತು ತಿರುಗಿ ತೋರಿಸಿದಳು.

ಆ ಹಂಗಾಮು ಇಂದುಮತಿಯ ಬಾಳಿನ ಸುಖದ ದಿನಗಳು. ಡ್ರೋನು ಮೇಲೆ ಔಷಧ ಹೊಡೆದು ಹೋದ ಅರ್ಧ ಗಂಟೆಗೆ ಹೆಂಗಸರು ಕೆಳಗಿಳಿಯುತ್ತಿದ್ದರು, ಸಂಜೆಗೆ ತಲೆಶೂಲೆಯಿಲ್ಲದೆ ಮನೆಗೆ ಹೋಗುತ್ತಿದ್ದರು. “ಮೂವತ್ತು ವರ್ಷದಾಗ ಮೊದಲನೇ ಸಲ ರಾತ್ರಿ ಊಟಾ ರುಚಿ ಹತ್ತೈತ್ರಿ ಬಾಯಾರ” ಎಂದು ದುಂಡವ್ವ ಫೋನಿನಲ್ಲಿ ಹೇಳಿದ್ದಳು. ಅವಳ ಮಗಳು ಮಹಾನಂದಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಾಳೆ, ಹೆಸರಿಡುವ ದಿನ ಬಾಯಾರು ತಪ್ಪದೆ ಬರಬೇಕು ಎಂದು ಆಗಲೇ ಕರೆದೂ ಆಗಿತ್ತು.

ನೂರು ದಿನ ತುಂಬಿ ಕಾಲರುಗಳು ನೀಲಿಯಾದವು. ಹಳೆಯ ಅಂಗಿ ಹಾಕಲು ಪಂಚಾಯ್ತಿಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ನಲವತ್ತರಲ್ಲಿ ಇಪ್ಪತ್ತೊಂಬತ್ತು ಬಂದವು, ಹನ್ನೊಂದು ಬರಲಿಲ್ಲ. ಹರಿಯದ, ಬಣ್ಣಗೆಡದ, ಬೆಣ್ಣೆಯಂತೆ ಮೆತ್ತಗಾದ ಅಂಗಿಯನ್ನು ಯಾವ ಸಂಸಾರಸ್ಥ ಹೆಂಗಸು ಪೆಟ್ಟಿಗೆಗೆ ಎಸೆದಾಳು? ಇದು ಇಂದುಮತಿಗೆ ಹೊಳೆಯಲಿಲ್ಲ. ಕಳೆದಿರಬೇಕು, ಹರಿದಿರಬೇಕು ಎಂದು ಬರೆದುಕೊಂಡು ಸುಮ್ಮನಾದಳು.

ನಿಗಾ ಕೋಣೆಯ ಪರದೆಗಳ ಮುಂದೆ ಕೂರುವವನು ಮಕಾನದಾರ. ಬೆಳಗಿನ ಚಹಾದ ಹೊತ್ತಿಗೆ ಒಂದು ದಿನ ಅವನು ಕೂಗಿದ, “ಮೇಡಂ, ಹದಿನೇಳು ಮತ್ತ ಮಿಡಿಯಾಕತ್ತೈತ್ರಿ. ತಿಂಗಳಾಗಿತ್ತು ಸುಮ್ಮನಾಗಿ.”

ಇಂದುಮತಿ ಬಂದು ನೋಡಿದಳು. ಎಪ್ಪತ್ತೊಂದು. “ದುಂಡವ್ವಂದು. ಕಸಾ ಹೊಡೀವಾಗ ಹಾಕ್ಕೊಂಡಿರ್ತಾಳ, ಬಿಡು” ಎಂದಳು. ಒಳಗೊಳಗೆ ಖುಷಿಯೂ ಆಯಿತು. ಕೆಲಸವಿಲ್ಲದಾಗಲೂ ತೊಡುವಷ್ಟು ಹಿಡಿಸಿದೆಯಲ್ಲ ಎಂದು. ಎರಡನೆಯ ದಿನ ಎಪ್ಪತ್ತು. ಮೂರನೆಯ ದಿನ ಅರವತ್ತೊಂಬತ್ತು. ಹಗಲೂ ರಾತ್ರಿ ಬಿಡದೆ ತೊಟ್ಟಿದ್ದಾಳಲ್ಲ ಎಂದು ಇಬ್ಬರೂ ನಕ್ಕರು.

ಇಲ್ಲೊಂದು ಸೂತ್ರದ ವಿಷಯವಿದೆ. ಹೆಂಗಸರು ಟಂಟಂ ಗಾಡಿಯಲ್ಲಿ ಕುಲುಕಾಡುತ್ತ ತೋಟಕ್ಕೆ ಹೋಗುವಾಗ ಆ ನೂಲು ಒಂದೊಂದು ಮಿಡಿತವನ್ನೂ ಎರಡೆಂದು ಎಣಿಸುತ್ತಿತ್ತು. ಎಪ್ಪತ್ತು ಇದ್ದದ್ದು ನೂರಾ ನಲವತ್ತು ಆಗುತ್ತಿತ್ತು. ಅದಕ್ಕೆ ಇಂದುಮತಿ ಒಂದು ತಿದ್ದುಪಡಿ ಬರೆದಿದ್ದಳು: ನೂರಾ ಮೂವತ್ತರ ಮೇಲೆ ಬಂದದ್ದನ್ನೆಲ್ಲ ಅರ್ಧ ಮಾಡಿ ತೋರಿಸು. ಯಂತ್ರ ತಪ್ಪದೆ ಅರ್ಧ ಮಾಡಿ ತೋರಿಸುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ ಅದು ತೋರಿಸಿದ್ದನ್ನು ಇವರು ನಂಬುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಅಂಕಿ ಒಮ್ಮೆಗೇ ನೂರಾ ಇಪ್ಪತ್ತನಾಲ್ಕಕ್ಕೆ ಹೋಯಿತು. “ಇವತ್ತು ದುಡ್ಯಾಕ ಇಳದಾಳ ನೋಡ್ರಿ” ಎಂದ ಮಕಾನದಾರ. ಸ್ವಲ್ಪ ಹೊತ್ತಿಗೆ ತೊಂಬತ್ತೆಂಟು. “ಈಗ ಕುಂತು ದಣಿವಾರಿಸ್ಕೊಳ್ಳಾಕತ್ತಾಳ.” ಆಮೇಲೆ ಎಪ್ಪತ್ತಾರು. ಹನ್ನೊಂದು ಗಂಟೆಗೆ, ನಿಗಾ ಕೋಣೆ ಶುರುವಾದ ಮೇಲೆ ಮೊದಲ ಸಲ, ಗಂಟೆ ಬಾರಿಸಿತು. ನಲವತ್ತೊಂಬತ್ತು.

ಇಂದುಮತಿ ಓಡಿ ಬಂದು ಫೋನು ಹಚ್ಚಿದಳು. ಎತ್ತಿದವಳು ದುಂಡವ್ವನೇ.

“ದುಂಡವ್ವಾ, ಆರಾಮ ಅದೀರಿ? ತಲಿ ತಿರಗಾಕತ್ತೈತೇನು? ಮೊದಲ ಕುಂತಕೊಳ್ರಿ!”

“ನಂಗೇನಾಗೈತ್ರಿ ಬಾಯಾರ, ಗುಂಡಕಲ್ಲ ಆಗೀನಿ. ಕೂಸಿಂದ ಚಿಂತಿ ಹತ್ತೈತ್ರಿ. ಮುಂಜಾನಿಂದ ಮಲಿ ಹಿಡೀವಲ್ತು, ಕಣ್ಣ ತೆರೀವಲ್ತು. ಬಾಯಾಗ ಬರೇ ಜೊಲ್ಲ.”

“ಯಾರ ಕೂಸು?”

“ಮಹಾನಂದಾಂದ್ರಿ. ಹಡದು ಒಂಬತ್ತ ದಿನಾತು. ಹೆಣ್ಣಕೂಸು. ನಾಕ ದಿನದ ಹಿಂದ ದವಾಖಾನಿಂದ ಮನೀಗೆ ಕರಕೊಂಡ ಬಂದೀವಿ. ನಿಮಗ ಹೇಳಿ ಕಳಸಬೇಕಂತಿದ್ದೆ...”

ಇಂದುಮತಿಯ ಕಣ್ಣು ಪರದೆಯ ಮೇಲೆಯೇ ಇತ್ತು. ನಲವತ್ತಾರು. ಹಸುಗೂಸಿನ ನಾಡಿ ನೂರಾ ನಲವತ್ತರ ಸುಮಾರು ಇರುತ್ತದೆ. ನೂರಾ ನಲವತ್ತೆರಡನ್ನು ಅರ್ಧ ಮಾಡಿದರೆ ಎಪ್ಪತ್ತೊಂದು.

“ದುಂಡವ್ವಾ, ನಿಮ್ಮ ಹಳೀ ಅಂಗಿ ಈಗ ಯಾರ ಮೈಮ್ಯಾಲ ಐತಿ?”

ಅಷ್ಟು ಚಿಂತೆಯ ನಡುವೆಯೂ ದುಂಡವ್ವನ ದನಿಗೆ ಹೆಮ್ಮೆ ಬಂತು. “ಕೂಸಿಗೆ ಹಾಕೀನ್ರಿ. ಬೆನ್ನಿನ ಪಟ್ಟಿ ಕತ್ತರಸಿ ನಾನ ಕೈಲೆ ಹೊಲದೀನಿ. ನೀವ ಹೇಳಿದ್ರೆಲ್ಲಾ, ವಿಷಾ ಹತ್ತಗೊಡಂಗಿಲ್ಲ, ಹಡದವ್ವನಂಗ ಕಾಯ್ತೈತಿ ಅಂತ!”

ಹುಟ್ಟಿದ ಕೂಸಿಗೆ ಹೆಸರಿಡುವ ದಿನದವರೆಗೂ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯ ಗಟ್ಟಿಮುಟ್ಟಾದ ಹಿರಿಯರು ಉಟ್ಟು ತೊಟ್ಟು ಮೆತ್ತಗಾದ ಬಟ್ಟೆಯನ್ನೇ ಕತ್ತರಿಸಿ ಹಾಕುತ್ತಾರೆ. ಮೈಗೂ ಹಿತ, ಹಿರಿಯರ ಆಯುಷ್ಯವೂ ಬರಲಿ ಎಂದು. ಇಂದುಮತಿಗೂ ಅವಳ ಅಜ್ಜಿ ಹಾಗೆಯೇ ಹಾಕಿದ್ದಳು. ಮನೆಗೆ ಬಂದ ದಿನದಿಂದ ದುಂಡವ್ವ ಮೊಮ್ಮಗಳಿಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕಿ, ಬಿಸಿನೀರು ಎರೆದು, ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಟ್ಟು, ಆ ಎಣ್ಣೆಮೈಗೆ ಆ ಅಂಗಿ ತೊಡಿಸುತ್ತಿದ್ದಳು. ಪಂಜರಗಳು ಬೆವರಿಗೆ ತೆರೆಯವು, ನೀರಿಗೆ ತೆರೆಯವು, ಸಾಬೂನಿಗೆ ತೆರೆಯವು. ಬೆಚ್ಚಗಿನ ಎಣ್ಣೆಗೆ ಏನಾಗುತ್ತದೆಂದು ಪ್ರಯೋಗಶಾಲೆಯಲ್ಲಿ ಯಾರೂ ನೋಡಿರಲಿಲ್ಲ. ತೋಟದ ಕೆಲಸಕ್ಕೆ ಯಾರು ಎಣ್ಣೆ ಮೆತ್ತಿಕೊಂಡು ಹೋಗುತ್ತಾರೆ?

“ಬಿಚ್ಚರಿ! ಈಗಿಂದೀಗ ಬಿಚ್ಚರಿ ಅದನ್ನ! ಸಾಬೂನು ಹಚ್ಚಿ ಮೈ ತೊಳೀರಿ, ಬ್ಯಾರೆ ಅರಿವ್ಯಾಗ ಸುತ್ತರಿ. ಗಾಡಿ ಕಳಸ್ತೀನಿ!”

“ಯಾಕ್ರಿ ಬಾಯಾರ? ನಾ ಭಾಳ ಬಿಗಿ ಹೊಲದೀನೇನು?”

ಇಂದುಮತಿ ಫೋನು ಇಟ್ಟಳು. ಮಕಾನದಾರ ಆಗಲೇ ಆ್ಯಂಬುಲೆನ್ಸಿಗೆ ಕೂಗುತ್ತಿದ್ದ. ಅವಳು ತಾಲೂಕಾಸ್ಪತ್ರೆಯ ವೈದ್ಯರಿಗೆ ಫೋನು ಮಾಡಿ ಯಾವ ವಿಷ, ಯಾವ ಚುಚ್ಚುಮದ್ದು ಸಿದ್ಧವಿರಬೇಕು ಎಂದೆಲ್ಲ ಹೇಳಿದಳು. ಹೇಳಿ ತಿರುಗುವುದರೊಳಗೆ ಪರದೆಯ ಮೇಲೆ ಹದಿನೇಳರ ಅಂಕಿ ಸೊನ್ನೆಯಾಗಿತ್ತು. ಅಂಗಿ ಬಿಚ್ಚಿದರೂ ಸೊನ್ನೆಯೇ, ಉಸಿರು ನಿಂತರೂ ಸೊನ್ನೆಯೇ. ಯಾವುದೆಂದು ತಿಳಿಯುವ ದಾರಿ ಇರಲಿಲ್ಲ.

ಒಂದೂವರೆ ತಾಸು ಇಬ್ಬರೂ ಆ ಸೊನ್ನೆಯ ಮುಂದೆ ಕೂತರು. ಮಕಾನದಾರ ತುಟಿಯಲ್ಲೇ ದುವಾ ಮಾಡುತ್ತಿದ್ದ. ಹನ್ನೆರಡೂ ನಲವತ್ತಕ್ಕೆ ವೈದ್ಯರ ಫೋನು ಬಂತು. ಕೂಸು ದಾರಿಯಲ್ಲೇ ಹೋಗಿತ್ತು.

ಮಾರನೆಯ ದಿನ ನಿರ್ದೇಶಕರು ಬಾಗಿಲು ಹಾಕಿಕೊಂಡು ಮಾತಾಡಿದರು. ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯರು. “ಆಸ್ಪತ್ರೆಯಲ್ಲಿ ಉಸಿರಾಟದ ತೊಂದರೆ ಅಂತ ಬರೆದಿದ್ದಾರೆ. ಉಳಿದ ಅಂಗಿಗಳನ್ನು ಹೊಸ ಮಾದರಿ ಬಂದಿದೆ ಅಂತ ಹೇಳಿ ಹಿಂದಕ್ಕೆ ತರೋಣ. ವಿಷ ಅನ್ನೋ ಮಾತು ಬಂತೆಂದರೆ ನಾಳೆ ಒಬ್ಬ ಹೆಂಗಸೂ ಅಂಗಿ ತೊಡುವುದಿಲ್ಲ, ಇಂದುಮತಿ. ಮತ್ತೆ ಚಪ್ಪರದ ಕೆಳಗೆ ಹೆಣ ಬೀಳುತ್ತವೆ. ಯೋಚನೆ ಮಾಡು.”

ಇಂದುಮತಿ ಯೋಚನೆ ಮಾಡಿದಳು. ಈ ಮಾತನ್ನು ಅವಳು ಹಿಂದೊಮ್ಮೆ ತನಗೆ ತಾನೇ ಹೇಳಿಕೊಂಡು ಆಗಿತ್ತು. ಹೊಸದು ಕೊಡುತ್ತೇವೆ ಎಂದರೆ ಹೊಸದನ್ನೂ ಇಸಕೊಳ್ಳುತ್ತಾರೆ, ಹಳೆಯದನ್ನೂ ಮಡಿಚಿಡುತ್ತಾರೆ. ನಿಜ ಹೇಳಿದರೆ ಮಾತ್ರ ಆ ಹತ್ತು ಅಂಗಿಗಳು ಬರುತ್ತವೆ. ಆದರೆ ನಿಜ ಹೇಳಿದರೆ ಅದು ದುಂಡವ್ವನ ಕಿವಿಗೂ ಬೀಳುತ್ತದೆ. ಸಾಯಿಸಿದ್ದು ತಾನು ಕೈಯಾರೆ ಹೊಲಿದ ಅಂಗಿ ಎಂದು ಅವಳು ತಿಳಿಯಬೇಕಾಗುತ್ತದೆ. ಜೀಪಿನಲ್ಲಿ ಕೂತು ದಾರಿಯುದ್ದಕ್ಕೂ ಇಂದುಮತಿ ಅತ್ತಳು. ಬೇರೆ ಯಾವ ರೀತಿ ಹೇಳಬಹುದು ಎಂದು ಹುಡುಕಿದಳು, ಸಿಗಲಿಲ್ಲ.

ದುಂಡವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಮಹಾನಂದಾ ಗೋಡೆಗೆ ಮುಖ ಮಾಡಿ ಮಲಗಿದ್ದಳು; ಎದೆಹಾಲು ಸೋರಿ ಅವಳ ಕುಪ್ಪಸ ನೆನೆದಿತ್ತು. ಇಂದುಮತಿಯನ್ನು ಕಂಡದ್ದೇ ದುಂಡವ್ವ ಎದ್ದು ಕೈ ಹಿಡಿದುಕೊಂಡಳು. “ಹೆಸರಿಡಾಕ ಬರ್ರಿ ಅಂದಿದ್ದೆ, ಇದಕ್ಕ ಬಂದ್ರಿ ನನ್ನವ್ವ” ಎಂದು ಗೋಳೋ ಎಂದಳು. “ನೀವರ ಎಷ್ಟ ಒದ್ದಾಡಿದ್ರಿ. ನಮ್ಮ ದೈವದಾಗ ಇರಲಿಲ್ಲ ಬಿಡ್ರಿ.”

“ದೈವಲ್ಲ ದುಂಡವ್ವಾ” ಎಂದಳು ಇಂದುಮತಿ. ಎಂದು, ಒಂದೂ ಬಿಡದೆ ಹೇಳಿದಳು. ಅಂಗಿ ವಿಷ ತಡೆಯುವುದು ಹೇಗೆಂದು, ತಡೆದ ವಿಷ ಎಲ್ಲಿ ಸೇರುತ್ತದೆಂದು, ಎಣ್ಣೆ ತಾಗಿ ಏನಾಯಿತೆಂದು, ಬರೆದಿದ್ದ ಸಾಲನ್ನು ತಾನೇ ಅಳಿಸಿದ್ದನ್ನು, ಕೂಸಿನ ನಾಡಿ ಮೂರು ದಿನ ತನ್ನ ಕಣ್ಣೆದುರೇ ಮಿಡಿದದ್ದನ್ನು. “ತಪ್ಪು ನಂದು. ನಿಮ್ಮದು ಎಳ್ಳಷ್ಟೂ ಇಲ್ಲ.”

ದುಂಡವ್ವ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು.

“ತಪ್ಪ ಯಾರದರ ಇರವಲ್ದ್ಯಾಕ ಬಾಯಾರ” ಎಂದಳು. “ತೊಡಿಸಿದ್ದು ಈ ಕೈ.”

ಆಮೇಲೆ ತಲೆಯೆತ್ತಿದಳು. “ಪಾರವ್ವನ ಸೊಸಿ ಹಡದು ಇನ್ನೂ ತಿಂಗಳಾಗಿಲ್ಲ! ಪಾರವ್ವನೂ ಅಂಗಿ ಕೊಟ್ಟಿಲ್ಲ. ಕೊಡಬ್ಯಾಡ ಅಂತ ನಾನ ಹೇಳಿದ್ದೆ.”

“ನಾ ಹೋಗಿ ಹೇಳ್ತೀನಿ. ನಿಮ್ಮ ಹೆಸರು ತಗಿಯಂಗಿಲ್ಲ. ನಮ್ಮ ಬಟ್ಟಿ ಕೆಟ್ಟೈತಿ ಅಂತೀನಿ, ಅಷ್ಟ.”

“ನಿಮ್ಮ ಮಾತ ಯಾರ ಕೇಳ್ತಾರ್ರಿ? ಪೆಟ್ಟಿಗ್ಯಾಗ ಹಾಕ್ರಿ ಅಂದ್ರಿ, ನಾವ ಹಾಕಿದಿವೇನು?” ದುಂಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಡುವ ಮೊದಲು ಬಾಗಿಲ ಕಡೆ ತಿರುಗಿ ಒಳಗೆ ಮಲಗಿದ್ದ ಮಗಳ ಬೆನ್ನು ನೋಡಿದಳು. ಬೀದಿಯಲ್ಲಿ ಆಡಿದ ಮಾತು ಮನೆಗೆ ಬರಲು ಎಷ್ಟು ಹೊತ್ತು ಬೇಕು? ಅದು ಅವಳಿಗೆ ಗೊತ್ತಿತ್ತು, ಇಂದುಮತಿಗೂ ಗೊತ್ತಿತ್ತು. ದುಂಡವ್ವ ಮೆಟ್ಟಿಲಿಳಿದಳು.

ಮುಂದೆ ದುಂಡವ್ವ, ಹಿಂದೆ ಚೀಲ ಹಿಡಿದ ಇಂದುಮತಿ. ಮೊದಲು ಹೋದದ್ದು ಪಾರವ್ವನ ಮನೆಗೆ. ತೊಲೆಗೆ ಕಟ್ಟಿದ ಜೋಳಿಗೆಯಲ್ಲಿ ಇಪ್ಪತ್ತಾರು ದಿನದ ಗಂಡುಕೂಸು ಮಲಗಿತ್ತು; ಅದರ ಬೆನ್ನ ಕೆಳಗೆ ನೀಲಿ ಕಾಲರಿನ ಅಂಗಿ ನಾಲ್ಕು ಮಡಿಕೆಯಾಗಿ ಹಾಸಿತ್ತು. ನಡುವೆ ದಪ್ಪ ದುಪ್ಪಟಿ ಇದ್ದದ್ದೇ ಪುಣ್ಯ. ದುಂಡವ್ವ ಕೂಸನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು, ಅಂಗಿಯನ್ನು ಎಳೆದು ಚೀಲಕ್ಕೆ ಹಾಕಿದಳು.

“ಯಾಕ ಯಕ್ಕಾ, ಏನಾತು?” ಎಂದಳು ಪಾರವ್ವ.

“ಇದರಾಗ ವಿಷಾ ಐತಿ. ನನ್ನ ಮೊಮ್ಮಗಳಿಗೆ ಇದನ್ನ ತೊಡಿಸಿ ನಾನ ಕೊಂದೀನಿ. ಕೂಸಿನ್ನ ಜೀಪಿನ್ಯಾಗ ದವಾಖಾನಿಗೆ ಒಯ್ರಿ. ಅಳಬ್ಯಾಡ, ಮೊದಲ ಒಯ್ಯಿ.”

ಇದೇ ಮಾತನ್ನು ದುಂಡವ್ವ ಹತ್ತು ಬಾಗಿಲಲ್ಲಿ ನಿಂತು ಹೇಳಿದಳು. ಒಂದು ಅಂಗಿ ದಿಂಬಿನ ಚೀಲವಾಗಿತ್ತು. ಒಂದನ್ನು ಕೌದಿಗೆ ಸೇರಿಸಿ ಹೊಲಿದಿದ್ದರು. ದುಂಡವ್ವ ಕೂತು ಹೊಲಿಗೆ ಬಿಚ್ಚಿ ತೆಗೆದಳು. ಒಂದರಲ್ಲಿ ರೊಟ್ಟಿ ಸುತ್ತಿಟ್ಟಿದ್ದರು. ಒಬ್ಬರೂ ಕೊಡುವುದಿಲ್ಲ ಎನ್ನಲಿಲ್ಲ. ಪ್ರತಿ ಬಾಗಿಲಲ್ಲೂ ಅವಳು ಮೊದಲಿನಿಂದ ಹೇಳುತ್ತಿದ್ದಳು, ಪ್ರತಿ ಸಲವೂ “ನಾನ ಕೊಂದೀನಿ” ಎನ್ನುತ್ತಿದ್ದಳು. ತಡೆಯಲು ಹೋದ ಇಂದುಮತಿಯ ಕೈಯನ್ನು ಸರಿಸುತ್ತಿದ್ದಳು. ಕೊನೆಯ ಮನೆಯಲ್ಲಿ ಇರುವಾಗ ಜೀಪಿನ ಚಾಲಕನ ಫೋನು ಬಂತು. ಪಾರವ್ವನ ಮೊಮ್ಮಗ ಚೆನ್ನಾಗಿದ್ದ.

ಹಿಂದಿರುಗಿದಾಗ ಮಹಾನಂದಾ ಬಾಗಿಲಲ್ಲಿ ಎದ್ದು ನಿಂತಿದ್ದಳು. ಹಸಿ ಬಾಣಂತಿ, ತಲೆಗೆ ಕಟ್ಟಿದ ಬಟ್ಟೆ ಜಾರಿ ಹೆಗಲಿಗೆ ಬಿದ್ದಿತ್ತು. ಪಕ್ಕದ ಮನೆಯವರು ಆಗಲೇ ಬಂದು ಹೇಳಿ ಹೋಗಿದ್ದರು.

“ಅವ್ವಾ, ಖರೇನ?”

“ಖರೆ ಐತಿ.”

“ನಿನಗ ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲ ಮಗಳ.”

“ಹಂಗಾದ್ರ ಯಾಕ ಹೇಳಿದಿ?” ಮಹಾನಂದಾ ಚೀರಲಿಲ್ಲ, ಚೀರುವಷ್ಟು ತ್ರಾಣ ಅವಳಲ್ಲಿ ಇರಲಿಲ್ಲ. “ಊರಿಗೆಲ್ಲಾ ಹೇಳಿದಿ. ಮಂದಿ ಕೂಸು ಉಳದ್ವು, ಉಳೀಲಿ. ನಂದಂತೂ ಹೋತು. ನೀ ಸುಮ್ಮನಿದ್ದಿದ್ರ ಅವ್ವನಾದ್ರೂ ಉಳೀತಿದ್ಲು ನನಗ. ಇನ್ನ ನಿನ್ನ ಕೈ ನೋಡಿದ್ರ ನನಗೇನ ನೆನಪಾಗಬೇಕವ್ವ?”

ದುಂಡವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ತನ್ನದೇ ಮನೆಯ ಹೊಸ್ತಿಲು ದಾಟದೆ ಹೊರಗಿನ ಕಟ್ಟೆಯ ಮೇಲೆ ಕೂತಳು. ಇಂದುಮತಿಯೂ ಚೀಲ ಕೆಳಗಿಟ್ಟು ಸ್ವಲ್ಪ ದೂರದಲ್ಲಿ ಕೂತಳು. ಒಳಗೆ ಮಹಾನಂದಾ ಗಂಟು ಕಟ್ಟುತ್ತಿದ್ದಳು. ಸಂಜೆಯ ಹೊತ್ತಿಗೆ ಅವಳ ಗಂಡ ಟಂಟಂ ತಂದು ನಿಲ್ಲಿಸಿದ, ಅವಳು ಅದರಲ್ಲಿ ಹತ್ತಿ ಕೂತಳು, ಗಾಡಿ ಹೋಯಿತು.